ನೀರು ಎದ್ದುಹೋದ ಜಾಗಕ್ಕೆ ಯಾರು ಬಂದರು?

ಕಡಲೆಬೇಳೆ ಹೂರಣದ ಹೋಳಿಗೆಯನ್ನು ಮಾಡಿದ ದಿನವೇ ತಿಂದು ಮುಗಿಸಬೇಕು, ಬಹಳವೆಂದರೆ ಮರುದಿನ. ಶೇಂಗಾ ಹೋಳಿಗೆಯಾದರೆ ಡಬ್ಬಿಗೆ ತುಂಬಿ ಪುಣೆಯ ಹಾಸ್ಟೆಲ್ಲಿನಲ್ಲಿರುವ ಮಗನಿಗೆ ಕಳಿಸಿಕೊಡಬಹುದು, ಹದಿನೈದು ದಿನ ಅದಕ್ಕೆ ಏನೂ ಆಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಇದು ಗೊತ್ತಿರುವ ಮಾತು. ಎರಡಕ್ಕೂ ಅದೇ ಬೆಲ್ಲ, ಅದೇ ಏಲಕ್ಕಿ, ಅದೇ ಹಂಚು. ಲಟ್ಟಿಸುವ ಕೈಯೂ ಒಂದೇ. ಯಾವುದಕ್ಕೂ ಯಾವ ಔಷಧವನ್ನೂ ಹಾಕಿಲ್ಲ. ಆದರೂ ಒಂದು ಎರಡನೇ ದಿನಕ್ಕೆ ಹಳಸಿ ನೂಲು ಬಿಡುತ್ತದೆ, ಇನ್ನೊಂದು ಪ್ರಯಾಣ ಮಾಡಿ ಊರು ಸೇರುತ್ತದೆ.

ರೊಟ್ಟಿಯದೂ ಇದೇ ಕತೆ. ಮೆತ್ತನೆಯ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮರೆತರೆ ಎರಡು ಮೂರು ದಿನಕ್ಕೆ ಬೂಸಲು ಹಿಡಿಯುತ್ತದೆ. ಅದೇ ಹಿಟ್ಟಿನ, ಅದೇ ಒಲೆಯ ಖಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ಒಟ್ಟಿಟ್ಟರೆ ತಿಂಗಳು ಕಳೆದರೂ ಕಟಕ್ಕೆಂದು ಮುರಿಯುತ್ತದೆ.

ಇನ್ನು ಅಂಗಡಿಗೆ ಬನ್ನಿ. ಅಲ್ಲಿ ನೂಡಲ್ಸ್ ಪ್ಯಾಕೆಟ್ಟು ಆರೆಂಟು ತಿಂಗಳು ಕೂತಿರುತ್ತದೆ. ಅದನ್ನು ನೋಡಿದಾಗ ನಮಗೆ ಬರುವ ಮೊದಲ ಅನುಮಾನ, ‘ಇಷ್ಟು ದಿನ ಕೆಡದೆ ಇರಬೇಕಾದರೆ ಏನೋ ಹಾಕಿರಬೇಕು.’ ಖಡಕ್ ರೊಟ್ಟಿಯ ಮೇಲೆ ಈ ಅನುಮಾನ ಯಾರಿಗೂ ಬರುವುದಿಲ್ಲ. ದಿಢೀರ್ ತಿನಿಸು ಕೆಟ್ಟದ್ದು, ಮನೆಯಲ್ಲಿ ಮಾಡಿದ್ದು ಒಳ್ಳೆಯದು ಎಂದು ಎರಡು ಸಾಲು ಮಾಡಿಕೊಂಡರೆ ರೊಟ್ಟಿ ಯಾವ ಸಾಲಿಗೆ ಸೇರಬೇಕು ಎಂಬುದೇ ಗೊಂದಲವಾಗುತ್ತದೆ. ಅದು ಒಲೆಯ ಮುಂದೆ ಕೈಯಿಂದ ಬಡಿದದ್ದು. ತಿನ್ನುವವನಿಗಾದರೋ ಡಬ್ಬಿ ತೆಗೆದರೆ ಸಾಕು, ಊಟ ತಯಾರು. ಸಂಕೇಶ್ವರದ ಹೆದ್ದಾರಿ ಬದಿಯ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಹೆಣ್ಣುಮಕ್ಕಳು ಗುಂಪಾಗಿ ಕೂತು ರೊಟ್ಟಿ ಬಡಿದುಕೊಡುವುದು ಈ ಸೀಮೆಯಲ್ಲಿ ಒಂದು ಕಸುಬೇ ಆಗಿದೆ. ಕೊಂಡು ತಂದ ರೊಟ್ಟಿಯನ್ನು ದಿಢೀರ್ ತಿನಿಸು ಎಂದು ಯಾರೂ ಕರೆಯುವುದಿಲ್ಲ, ಅಷ್ಟೆ.

ಹಾಗಾಗಿ ಎಲ್ಲಿ ಮಾಡಿದ್ದು, ಯಾರು ಮಾಡಿದ್ದು ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬೇರೆಯೇ ಒಂದು ಪ್ರಶ್ನೆ ಕೇಳೋಣ. ಕೆಡದೆ ಉಳಿಯುವ ಬಹುತೇಕ ತಿನಿಸುಗಳಲ್ಲಿ ನೀರಿಗೆ ಏನೋ ಆಗಿರುತ್ತದೆ. ಏನಾಯಿತು? ನೀರು ಎದ್ದುಹೋದ ಜಾಗಕ್ಕೆ ಯಾರು ಬಂದು ಕೂತರು?

ತೇವ ಬೇರೆ, ಬಿಡುವಿನ ನೀರು ಬೇರೆ

ಹಸಿಯಾದದ್ದು ಕೆಡುತ್ತದೆ, ಒಣಗಿದ್ದು ಉಳಿಯುತ್ತದೆ, ಇದರಲ್ಲಿ ಒಗಟೇನು ಬಂತು ಎನ್ನಬಹುದು. ಬ್ರೆಡ್ಡಿನ ಮೇಲೆ ಜಾಮ್ ಸವರಿಕೊಂಡು ನೋಡಿ. ಎರಡರಲ್ಲೂ ತೂಕದ ಮೂರನೇ ಒಂದು ಪಾಲಿನಷ್ಟು ನೀರಿದೆ. ಆದರೆ ಬ್ರೆಡ್ಡಿಗೆ ವಾರದೊಳಗೆ ಹಸಿರು ಬೂಸಲು ಬರುತ್ತದೆ, ಜಾಮಿನ ಬಾಟಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಜಾಮಿನ ಹುಳಿಯೂ ಇದಕ್ಕೆ ಕೊಂಚ ನೆರವಾಗುತ್ತದೆ, ನಿಜ. ಆದರೆ ಮುಖ್ಯ ಕಾರಣ ಸಕ್ಕರೆ. ಜೇನುತುಪ್ಪವಂತೂ ಕಣ್ಣಿಗೆ ಕಾಣುವಂತೆ ಹರಿಯುವ ದ್ರವ, ನೂರಕ್ಕೆ ಹದಿನೇಳು ಹದಿನೆಂಟು ಪಾಲು ನೀರು. ಅದು ವರ್ಷಗಟ್ಟಲೆ ಇದ್ದರೂ ಹಳಸುವುದಿಲ್ಲ. ಅಂದರೆ ನೀರು ಎಷ್ಟಿದೆ ಎಂದು ಅಳೆದು ಕೆಡುವುದನ್ನು ಹೇಳಲಾಗದು.

ಇದನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಆಸ್ಟ್ರೇಲಿಯಾದ ಡಬ್ಲ್ಯು. ಜೆ. ಸ್ಕಾಟ್. 1950ರ ದಶಕದಲ್ಲಿ ಅವನು ಬ್ಯಾಕ್ಟೀರಿಯಾಗಳನ್ನು ಉಪ್ಪು, ಸಕ್ಕರೆ ಮುಂತಾದ ಬೇರೆ ಬೇರೆ ಪದಾರ್ಥ ಬೆರೆಸಿದ ಆಹಾರದಲ್ಲಿ ಬೆಳೆಸಿ ನೋಡಿದ. ಅವು ಬೆಳೆಯುವುದು ನಿಲ್ಲುವ ಗೆರೆಗೂ ಆಹಾರದ ಒಟ್ಟು ನೀರಿಗೂ ತಾಳೆಯಾಗಲಿಲ್ಲ. ತಾಳೆಯಾದದ್ದು ಇನ್ನೊಂದಕ್ಕೆ: ಆ ನೀರಿನಲ್ಲಿ ಎಷ್ಟು ಯಾರ ಹಿಡಿತಕ್ಕೂ ಸಿಗದೆ ಬಿಡುವಾಗಿದೆ ಎಂಬುದಕ್ಕೆ. ಆಹಾರ ವಿಜ್ಞಾನದವರು ಇದನ್ನು ವಾಟರ್ ಆ್ಯಕ್ಟಿವಿಟಿ ಎನ್ನುತ್ತಾರೆ. ನಾವು ಬಿಡುವಿನ ನೀರು ಎಂದು ಕರೆಯೋಣ.

ಕಬ್ಬಿನ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಊರ ಹೊರಗೆ ಗುಡಿಸಲು ಹಾಕುತ್ತವೆ. ಎಣಿಸಿದರೆ ನೂರಾರು ಆಳು. ಆದರೆ ನಿಮ್ಮ ಜೋಳದ ಕೊಯ್ಲಿಗೆ ಕರೆದರೆ ಒಬ್ಬರೂ ಬರುವುದಿಲ್ಲ, ಏಕೆಂದರೆ ಅವರೆಲ್ಲ ಮುಂಗಡ ತೆಗೆದುಕೊಂಡು ಕಾರ್ಖಾನೆಗೆ ಕಟ್ಟುಬಿದ್ದವರು. ಊರಲ್ಲಿ ಆಳು ತುಂಬಿದೆ, ಕೂಲಿಗೆ ಸಿಗುವ ಆಳಿಲ್ಲ. ಜೇನುತುಪ್ಪದೊಳಗೆ ಬಿದ್ದ ಬೂಸಲಿನ ಬೀಜಕ್ಕೆ ಆಗುವುದೂ ಇದೇ. ಸುತ್ತ ನೀರಿದೆ, ಆದರೆ ಪ್ರತಿ ಹನಿಯೂ ಸಕ್ಕರೆಯ ಅಣುಗಳಿಗೆ ಅಂಟಿಕೊಂಡು ಕೂತಿದೆ. ಅಷ್ಟೇ ಅಲ್ಲ, ಬಾಯಾರಿದ ಸಕ್ಕರೆ ಆ ಜೀವಕೋಶದೊಳಗಿನ ನೀರನ್ನೂ ಹೊರಗೆ ಎಳೆದುಬಿಡುತ್ತದೆ.

ಅಳೆಯುವುದು ಹೇಗೆ? ತಿನಿಸನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿ ಎಷ್ಟು ತೇವವಾಗುತ್ತದೆ ಎಂದು ನೋಡುತ್ತಾರೆ. ಬಿಡುವಾದ ನೀರು ಮಾತ್ರ ಆವಿಯಾಗಿ ಮೇಲೇಳಬಲ್ಲದು. ಬರಿಯ ನೀರಿಗೆ 1 ಎಂಬ ಅಂಕ. ಅನ್ನ, ಬೇಯಿಸಿದ ಬೇಳೆ, ಪಲ್ಯ ಎಲ್ಲ 0.95ರ ಮೇಲೆ. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ರ ಕೆಳಗೆ ಬೆಳೆಯಲಾರವು. ಹಳಸಿದ ಪೇಡೆ, ಖೋವಾ ತಿಂದವರಿಗೆ ವಾಂತಿ ತರಿಸುವ ಸ್ಟ್ಯಾಫಿಲೊಕಾಕಸ್ ಗಟ್ಟಿಪಿಂಡ, 0.86ರವರೆಗೂ ಜಗ್ಗುತ್ತದೆ. ಬೂಸಲುಗಳು ಇನ್ನೂ ಹಟಮಾರಿಗಳು, ಕೆಲವು 0.7ರ ಹತ್ತಿರವೂ ಚಿಗುರುತ್ತವೆ. 0.6 ದಾಟಿ ಕೆಳಗಿಳಿದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಸಾಯುವುದಿಲ್ಲ ಎಂಬುದು ನೆನಪಿರಲಿ, ಸುಮ್ಮನೆ ಮಲಗಿರುತ್ತದೆ. ಒಳ್ಳೆಯ ಬಿಸ್ಕತ್ತು 0.3ರ ಆಸುಪಾಸಿನಲ್ಲಿರುತ್ತದೆ.

ಈಗ ಹೋಳಿಗೆಯ ಲೆಕ್ಕ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕಡಲೆಬೇಳೆಯನ್ನು ಕುದಿಸಿದಾಗ ಅದು ತನ್ನ ತೂಕದಷ್ಟು ನೀರು ಕುಡಿದು ಉಬ್ಬುತ್ತದೆ. ಬೆಲ್ಲ ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕೀತು, ಎಲ್ಲವನ್ನೂ ಅಲ್ಲ. ಶೇಂಗಾ ಹೂರಣಕ್ಕಾದರೆ ನೀರು ಮುಟ್ಟಿಸುವುದೇ ಇಲ್ಲ. ಹುರಿದ ಶೇಂಗಾ ಒಣ, ಪುಡಿ ಮಾಡಿದ ಬೆಲ್ಲವೂ ಬಹುತೇಕ ಒಣ. ನೀರಿರುವುದು ಕಣಕದಲ್ಲಿ ಮಾತ್ರ. ಅದನ್ನೂ ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ನಿಧಾನವಾಗಿ ಬೇಯಿಸಿದಾಗ ಹೆಚ್ಚಿನದು ಹಾರಿಹೋಗುತ್ತದೆ, ಉಳಿದದ್ದನ್ನು ಪಕ್ಕದಲ್ಲೇ ಕಾದು ಕೂತ ಬೆಲ್ಲ ಹಿಡಿದುಕೊಳ್ಳುತ್ತದೆ.

ಹಂಚಿನ ಮೇಲೆ

ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನಂತೆ ಎಳೆ ಕಟ್ಟುವ ಅಂಟಿಲ್ಲ. ತಣ್ಣೀರು ಹಾಕಿ ನಾದಿದರೆ ಬಡಿಯುವಾಗ ಅಂಚೆಲ್ಲ ಸೀಳು. ಅದಕ್ಕೇ ಕುದಿವ ಎಸರು. ನೀರಿನ ಬಿಸಿ 70 ಡಿಗ್ರಿ ದಾಟಿದಾಗ ಹಿಟ್ಟಿನ ಪಿಷ್ಟದ ಕಾಳುಗಳು ನೀರು ಕುಡಿದು ಒಡೆದು ಗಂಜಿಯಾಗುತ್ತವೆ. ಎಲ್ಲವೂ ಅಲ್ಲ, ಒಂದು ಪಾಲು ಮಾತ್ರ. ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದಿಡುವ ಅಂಟು. ಎಸರು ಕಡಿಮೆಯಾದರೆ ರೊಟ್ಟಿ ಬಿರಿಯುತ್ತದೆ, ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಕೊಣಮಿಗೆಯಲ್ಲಿ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುವುದು ಈ ಗಂಜಿಯನ್ನು ಎಲ್ಲ ಕಡೆ ಹರಡುವುದಕ್ಕೆ.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರಲ್ಲ, ಅದನ್ನು ಹತ್ತಿರದಿಂದ ನೋಡಬೇಕು. ಒಣಹಿಟ್ಟು ಮೆತ್ತಿದ ಮೇಲ್ಮೈ ಆ ನೀರನ್ನು ಹೀರಿ ಒಂದು ಕ್ಷಣ ಹೊಳೆಯುತ್ತದೆ, ಆಮೇಲೆ ಮಂಕಾಗುತ್ತದೆ. ಮಂಕಾದ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಆ ನೀರು ಮೇಲ್ಮೈಯ ಪಿಷ್ಟವನ್ನೂ ಗಂಜಿ ಮಾಡಿ ಎರಡೂ ಬದಿಗೆ ಗಾಳಿಯಾಡದ ತೆಳು ಪೊರೆ ಕಟ್ಟಿಸುತ್ತದೆ. ಒಳಗೆ ಎದ್ದ ಆವಿಗೆ ದಾರಿ ಸಿಗದೆ ರೊಟ್ಟಿ ಉಬ್ಬುತ್ತದೆ. ನೀರು ಸವರುವುದು ತಡವಾದರೆ ರೊಟ್ಟಿ ಉಬ್ಬುವುದಿಲ್ಲ ಎಂದು ಹೊಸದಾಗಿ ಕಲಿಯುವವರಿಗೆ ಬೈಯುವುದು ಸುಮ್ಮನಲ್ಲ.

ಇಲ್ಲಿಗೆ ತೆಗೆದರೆ ಬಿಸಿ ರೊಟ್ಟಿ. ನೂರಕ್ಕೆ ನಲವತ್ತರ ಆಸುಪಾಸಿನಷ್ಟು ನೀರಿರುವ, ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅದಕ್ಕೆ ಇನ್ನೊಂದು ಕಾಯಿಲೆಯೂ ಇದೆ. ತಣ್ಣಗಾಗುತ್ತಾ ಹೋದಂತೆ ಗಂಜಿಯಾಗಿದ್ದ ಪಿಷ್ಟದ ಎಳೆಗಳು ಮತ್ತೆ ಹತ್ತಿರ ಬಂದು ಸಾಲುಗಟ್ಟುತ್ತವೆ, ನಡುವಿನ ನೀರನ್ನು ಹೊರಗೆ ತಳ್ಳುತ್ತವೆ. ರೊಟ್ಟಿ ಚರ್ಮದ ಹಾಗೆ ಆಗುತ್ತದೆ. ಇದಕ್ಕೆ ನೀರು ಓಡಾಡುವಂತಿರಬೇಕು, ತಂಪೂ ಬೇಕು. ಹಾಗಾಗಿ ಫ್ರಿಜ್ಜಿನಲ್ಲಿಟ್ಟ ರೊಟ್ಟಿ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಬೂಸಲಿನಿಂದ ಉಳಿಸಲು ಫ್ರಿಜ್ಜು ಒಳ್ಳೆಯದು, ಮೆತ್ತಗಿಡಲು ಕೆಟ್ಟದ್ದು.

ಖಡಕ್ ರೊಟ್ಟಿಗೆ ಇನ್ನಷ್ಟು ಹೊತ್ತು ಬೇಕು. ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ತಿರುವುತ್ತಾ, ಕೊನೆಗೆ ಒಲೆಯ ಪಕ್ಕದಲ್ಲಿ ನಿಲ್ಲಿಸಿ ಆರಿಸುತ್ತಾರೆ. ಬಿಡುವಿನ ನೀರು ಇಳಿಯುತ್ತಾ ಇಳಿಯುತ್ತಾ ಒಂದು ಹಂತದಲ್ಲಿ ಪಿಷ್ಟದ ಎಳೆಗಳು ಎಲ್ಲಿದ್ದವೋ ಅಲ್ಲೇ ಸೆಟೆದು ನಿಲ್ಲುತ್ತವೆ. ಭೌತವಿಜ್ಞಾನದಲ್ಲಿ ಇದಕ್ಕೆ ಗಾಜಿನ ಸ್ಥಿತಿ ಎಂದೇ ಹೆಸರು. ಕಟಕ್ ಎಂಬ ಸದ್ದು ಅದರ ಗುರುತು. ಇನ್ನು ಬೂಸಲಿಗೆ ನೀರಿಲ್ಲ, ಎಳೆಗಳು ಸಾಲುಗಟ್ಟಲು ಅಲುಗಾಡುವಂತಿಲ್ಲ. ಎರಡೂ ಕಾಯಿಲೆಗೆ ಒಂದೇ ಮದ್ದು. ನೀರು ಎದ್ದುಹೋದ ಜಾಗಕ್ಕೆ ಬಂದದ್ದು ಬರೀ ಗಾಳಿ.

ಆದರೆ ರೊಟ್ಟಿ ಒಂದು ಶರತ್ತು ಹಾಕುತ್ತದೆ. ಡಬ್ಬಿಯೊಳಗಿನ ಗಾಳಿಗೆ ತಿನಿಸು ತೇವ ಕೊಡುವ ಹಾಗೆಯೇ ತೇವದ ಗಾಳಿ ತಿನಿಸಿಗೂ ಕೊಡುತ್ತದೆ. ಹೊರಗಿನ ತೇವ ಶೇಕಡ 80 ಇದ್ದರೆ ತೆರೆದಿಟ್ಟ ರೊಟ್ಟಿಯ ಅಂಕ ಮೆಲ್ಲಗೆ 0.8ರ ಕಡೆ ಏರುತ್ತದೆ. ಗೋಕಾಕ, ಮೂಡಲಗಿ ಮಳೆ ನೆರಳಿನ ಬಯಲು. ಅಲ್ಲಿ ವರ್ಷದ ಬಹುಭಾಗ ಬಿದಿರಿನ ಬುಟ್ಟಿ, ಮೇಲೊಂದು ಬಟ್ಟೆ ಸಾಕು. ಹುಕ್ಕೇರಿ ತಾಲೂಕಿನ ಪಡುವಣ ಅಂಚು ಸಹ್ಯಾದ್ರಿಯ ಕಡೆಗೆ ವಾಲಿದೆ, ಮುಂಗಾರಿನಲ್ಲಿ ಅಲ್ಲಿಯ ಬುಟ್ಟಿಯ ರೊಟ್ಟಿ ತಂಪು ಹಿಡಿದು ಬಾಗುತ್ತದೆ. ಕಾರವಾರಕ್ಕೆ ಒಯ್ದರೆ ಕೇಳುವುದೇ ಬೇಡ. ಖಡಕ್ ರೊಟ್ಟಿ ಕರಾವಳಿಯಲ್ಲಿ ಹುಟ್ಟದೆ ಬಯಲುಸೀಮೆಯಲ್ಲಿ ಹುಟ್ಟಿದ್ದಕ್ಕೆ ಜೋಳ ಎಷ್ಟು ಕಾರಣವೋ ಒಣ ಗಾಳಿಯೂ ಅಷ್ಟೇ ಕಾರಣ ಎಂದು ನನ್ನ ಎಣಿಕೆ.

ಗೋಕಾಕದ ಕಡಾಯಿ

ಗೋಕಾಕದ ಕರದಂಟು ನೀರನ್ನು ಓಡಿಸುವುದರ ಜತೆಗೆ ಕಟ್ಟಿಯೂ ಹಾಕುತ್ತದೆ. ಅದರಲ್ಲಿರುವುದು ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ತುಪ್ಪದಲ್ಲಿ ಕರಿದ ಅಂಟು, ಇವನ್ನೆಲ್ಲ ಹಿಡಿದಿಡುವ ಬೆಲ್ಲದ ಪಾಕ. ಅಂಟು ಎಂದರೆ ಮರದ ತೊಗಟೆಯಿಂದ ಒಸರಿ ಗಟ್ಟಿಯಾದ ರಸ. ನೋಡಲು ಕಲ್ಲುಸಕ್ಕರೆ, ಕಡಿದರೆ ಹಲ್ಲು ಹೋದೀತು. ಆದರೆ ಅದರೊಳಗೆ ನೂರಕ್ಕೆ ಹತ್ತು ಹದಿನೈದು ಪಾಲು ನೀರು ಅಡಗಿರುತ್ತದೆ. ಕಾದ ತುಪ್ಪಕ್ಕೆ ಹಾಕಿದಾಗ ಆ ನೀರು ಒಮ್ಮೆಲೇ ಆವಿಯಾಗುತ್ತದೆ, ಬಿಸಿಗೆ ಮೆತ್ತಗಾದ ಅಂಟು ಅದರ ಒತ್ತಡಕ್ಕೆ ಹಿಗ್ಗಿ ಮೂರುಪಟ್ಟು ಉಬ್ಬುತ್ತದೆ. ನೀರು ಹೋದ ಕೂಡಲೇ ಉಬ್ಬಿದ ಆಕಾರದಲ್ಲೇ ಸೆಟೆದು ನಿಲ್ಲುತ್ತದೆ, ಒಳಗೆಲ್ಲ ಪೊಳ್ಳು. ತುಪ್ಪ ಸಾಕಷ್ಟು ಕಾಯದಿದ್ದರೆ ನೀರು ಸದ್ದಿಲ್ಲದೆ ಜಾರಿಹೋಗುತ್ತದೆ, ನಡುವಿನಲ್ಲಿ ಕಲ್ಲು ಉಳಿಯುತ್ತದೆ.

ಪಾಕ ಇನ್ನೂ ಸ್ವಾರಸ್ಯದ್ದು. ಬೆಲ್ಲದ ನೀರು ಕುದಿಯುವ ಬಿಸಿ ಏರುತ್ತಾ ಹೋದರೆ ಅದರಲ್ಲಿ ನೀರು ಇಳಿಯುತ್ತಾ ಇದೆ ಎಂದರ್ಥ. ಉಳಿದಷ್ಟು ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಂತೆಲ್ಲ ಅದನ್ನು ಬಿಡಿಸಿ ಆವಿ ಮಾಡಲು ಹೆಚ್ಚು ಬಿಸಿ ಬೇಕು. 100 ಡಿಗ್ರಿಗೆ ಕುದಿಯಬೇಕಾದ ನೀರು ಗಟ್ಟಿ ಉಂಡೆ ಪಾಕದ ಹೊತ್ತಿಗೆ 120 ದಾಟಿರುತ್ತದೆ. ಮಿಠಾಯಿ ಮಾಡುವವರು ಥರ್ಮಾಮೀಟರು ಇಡುವುದಿಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ಹರಡಿದರೆ ಇನ್ನೂ ಕುದಿಯಬೇಕು, ಉಂಡೆಯಾದರೆ ಇಳಿಸು. ಸ್ಕಾಟ್ ಪ್ರಯೋಗ ಮಾಡಿ ಅಳೆದದ್ದನ್ನು ಇವರು ಬೆರಳ ತುದಿಯಲ್ಲೇ ತೂಗುತ್ತಾರೆ. ಪಾಕ ಎಳೆಯದಾದರೆ ಕರದಂಟು ಜಿಗುಟಾಗಿ ಹದಿನೈದು ದಿನಕ್ಕೆ ಬೂಸಲು ಕಂಡೀತು, ಬಲಿತರೆ ಕೊಡತಿಯಿಂದ ಒಡೆಯಬೇಕಾದೀತು. ಇಲ್ಲಿ ನೀರಿನ ಜಾಗಕ್ಕೆ ಬಂದವರು ಬೆಲ್ಲ ಮತ್ತು ತುಪ್ಪ. ಕೆಡುವುದಿಲ್ಲ, ಆದರೆ ಒಂದು ತುಂಡಿಗೆ ಹೊಟ್ಟೆ ಸಾಕೆನ್ನುತ್ತದೆ. ಬಾಣಂತಿಗೆ ಕೊಡುವ ತಿನಿಸಿನಲ್ಲಿ ಬೇಕಾದದ್ದೂ ಅದೇ.

ಶಾವಿಗೆಯ ದಾರಿ, ನೂಡಲ್ಸಿನ ದಾರಿ

ಬೇಸಗೆಯಲ್ಲಿ ಓಣಿಯ ಹೆಂಗಸರು ಸೇರಿ ಶಾವಿಗೆ ಹೊಸೆದು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುವುದು ಈಗ ಕಡಿಮೆಯಾದರೂ ಮರೆತುಹೋಗಿಲ್ಲ. ಎರಡು ದಿನ ದುಡಿದರೆ ವರ್ಷವಿಡೀ ನೆಂಟರು ಬಂದಾಗ ಹತ್ತು ನಿಮಿಷದ ಅಡುಗೆ. ಹಪ್ಪಳ, ಸಂಡಿಗೆಯದೂ ಅದೇ ಲೆಕ್ಕ. ‘ಮೊದಲಿನವರು ಎಲ್ಲವನ್ನೂ ಆಗಿಂದಾಗಲೇ ಮಾಡಿಕೊಳ್ಳುತ್ತಿದ್ದರು’ ಎಂದು ಹೇಳುವವರು ಈ ಅಟ್ಟದ ಡಬ್ಬಿಗಳನ್ನು ನೋಡಿಲ್ಲವೆಂದು ಕಾಣುತ್ತದೆ.

ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ದಿಢೀರ್ ನೂಡಲ್ಸನ್ನು ಮಾರುಕಟ್ಟೆಗೆ ತಂದಾಗ ಎದುರಿಸಿದ್ದೂ ಶಾವಿಗೆಯ ಪ್ರಶ್ನೆಯನ್ನೇ: ಎಳೆಯಿಂದ ನೀರು ತೆಗೆಯಬೇಕು, ಬೇಕಾದಾಗ ಮರಳಿ ತುಂಬಬೇಕು. ಬಿಸಿಲಿಗೆ ಒಣಗಿದ ಎಳೆ ಮೆಲ್ಲಗೆ ಕುಗ್ಗಿ ಗಟ್ಟಿಯಾಗುತ್ತದೆ, ಅದರೊಳಗೆ ನೀರು ಇಳಿಯಲು ಹೊತ್ತು ಬೇಕು. ಹೆಂಡತಿ ಟೆಂಪುರಾ ಎಂಬ ಬಜ್ಜಿ ಕರಿಯುವುದನ್ನು ನೋಡಿ ಆಂಡೊಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಮೊದಲು ಹಬೆಯಲ್ಲಿ ಬೇಯಿಸಿ ಪಿಷ್ಟವನ್ನು ಗಂಜಿ ಮಾಡಿದ. ಆಮೇಲೆ ಕಾದ ಎಣ್ಣೆಯಲ್ಲಿ ಒಂದೆರಡು ನಿಮಿಷ ಮುಳುಗಿಸಿದ. ಒಳಗಿನ ನೀರು ಆವಿಯಾಗಿ ನುಗ್ಗಿ ಹೊರಬರುವಾಗ ಎಳೆಯ ತುಂಬ ಸಣ್ಣ ಸಣ್ಣ ತೂತು ಬಿದ್ದವು. ತಿನ್ನುವ ದಿನ ಬಿಸಿನೀರು ಅದೇ ತೂತುಗಳಿಂದ ಒಳಗೆ ಹೋಗುತ್ತದೆ. ಹಿಟ್ಟು ಮೊದಲೇ ಬೆಂದಿರುವುದರಿಂದ ನೆನೆದರೆ ಸಾಕು. 1983ರಲ್ಲಿ ಮ್ಯಾಗಿ ಭಾರತಕ್ಕೆ ಬಂದು ಎರಡು ನಿಮಿಷ ಎಂದು ಹೇಳಿಕೊಳ್ಳಲು ಆದದ್ದು ಈ ತೂತುಗಳ ದೆಸೆಯಿಂದ.

ಇಷ್ಟರವರೆಗೆ ಇದು ಖಡಕ್ ರೊಟ್ಟಿಯ ತಮ್ಮನೇ. ಕೆಡದಂತೆ ಕಾಯುವ ಕೆಲಸ ನೀರಿನ ಕೊರತೆಯದು. ಬೂಸಲಿಗೆ ಹಾಕುವ ಮದ್ದಿನ ಅಗತ್ಯ ಅದಕ್ಕೆ ಬೀಳುವುದಿಲ್ಲ. ಆದರೆ ಎಣ್ಣೆಯಿಂದ ಎತ್ತುವಾಗ ಆವಿ ನಿಂತು, ತೂತುಗಳು ತಣ್ಣಗಾಗುತ್ತಾ ಸುತ್ತಲಿನ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಕರಿದ ನೂಡಲ್ಸಿನ ಬಿಲ್ಲೆಯಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆ, ಅದೂ ಹೆಚ್ಚಾಗಿ ತಾಳೆ ಎಣ್ಣೆ. ರೊಟ್ಟಿಯಲ್ಲಿ ಗಾಳಿ ಕೂತ ಜಾಗದಲ್ಲಿ ಇಲ್ಲಿ ಎಣ್ಣೆ ಕೂತಿದೆ. ನೂರು ಗ್ರಾಂ ಖಡಕ್ ರೊಟ್ಟಿಗೆ ಸುಮಾರು 350 ಕ್ಯಾಲೊರಿ, ಅಷ್ಟೇ ನೂಡಲ್ಸಿಗೆ 430ರಿಂದ 450. ಮಸಾಲೆ ಪುಡಿಯ ಉಪ್ಪಿನ ಮಾತು ಬೇರೆ.

ಮೆತ್ತಗೂ ಇರಬೇಕು, ಕೆಡಲೂ ಬಾರದು

ಒಣಗಿದ ತಿನಿಸುಗಳ ಲೆಕ್ಕ ಇಷ್ಟು ಸರಳ. ತೊಡಕು ಹುಟ್ಟುವುದು ಗಿರಾಕಿ ಎರಡನ್ನೂ ಕೇಳಿದಾಗ. ಕೇಕು ಮುಟ್ಟಿದರೆ ಹತ್ತಿಯಂತಿರಬೇಕು, ಎರಡು ತಿಂಗಳು ಅಂಗಡಿಯಲ್ಲೂ ಇರಬೇಕು. ಮೆತ್ತಗಿರಲು ನೀರು ಬೇಕು, ನೀರಿದ್ದರೆ ಬೂಸಲು. ಹಾಗಾದರೆ ನೀರನ್ನು ಒಳಗೇ ಇಟ್ಟು ಕಟ್ಟಿಹಾಕಬೇಕು. ಸಕ್ಕರೆ ಒಂದು ಮಟ್ಟದವರೆಗೆ ಮಾಡುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಸಿಹಿ ಅತಿಯಾಗುತ್ತದೆ. ಆಗ ಕಡಿಮೆ ಸಿಹಿಯ ನೀರುಗಳ್ಳರು ಬರುತ್ತಾರೆ, ಪ್ಯಾಕೆಟ್ಟಿನ ಹಿಂದೆ 420 ಎಂದರೆ ಸಾರ್ಬಿಟಾಲ್, 422 ಎಂದರೆ ಗ್ಲಿಸರಾಲ್. ಬ್ರೆಡ್ಡಿನಲ್ಲಿ ಅಷ್ಟು ನೀರನ್ನು ಕಟ್ಟಿಹಾಕುವುದು ಆಗದ ಮಾತು, ರುಚಿ ಕೆಡುತ್ತದೆ. ಅಲ್ಲಿ ನೇರವಾಗಿ ಬೂಸಲನ್ನೇ ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್, ಅಂಕಿ 282. ಅಂಗಡಿಯಲ್ಲಿ ಪ್ಯಾಕೆಟ್ಟು ತಿರುವಿ ನೋಡುವವರಿಗೆ ನಾನು ಹೇಳುವುದು, ಅಂಕಿಗಳ ಉದ್ದ ಪಟ್ಟಿ ಕಂಡರೆ ಅದು ಸಾಮಾನ್ಯವಾಗಿ ಒದ್ದೆಯಾಗಿದ್ದೂ ಬಾಳಲು ಹೊರಟ ತಿನಿಸು.

ಇನ್ನೊಂದು ದಾರಿಯಿದೆ. ನೀರನ್ನು ಮುಟ್ಟದೆ, ಇದ್ದ ಜೀವಿಗಳನ್ನೆಲ್ಲ ಕೊಂದು ಬಾಗಿಲು ಹಾಕುವುದು. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಗಡಿಯ ಸೈನಿಕರಿಗೆಂದು ಇದನ್ನು ಬೆಳೆಸಿತು. ಪಲಾವು, ಪಲ್ಯವನ್ನು ಪದರ ಪದರದ ಚೀಲಕ್ಕೆ ತುಂಬಿ ಅಂಟಿಸಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯಲ್ಲಿ 121 ಡಿಗ್ರಿಯ ಹತ್ತಿರ ಬೇಯಿಸುತ್ತಾರೆ. ಬರಿಯ ಕುದಿಗೆ ಸಾಯದ ಬಾಟ್ಯುಲಿನಂ ಬ್ಯಾಕ್ಟೀರಿಯಾದ ಬೀಜಗಳೂ ಅಷ್ಟು ಬಿಸಿಗೆ ಸಾಯುತ್ತವೆ. ಎಂಟಿಆರ್‌ನಂಥ ಕಂಪನಿಗಳ ಕತ್ತರಿಸಿ ಬಿಸಿ ಮಾಡಿ ತಿನ್ನುವ ಪೊಟ್ಟಣಗಳು ಈ ದಾರಿಯವು. ಇದರಲ್ಲಿ ಬಿಡುವಿನ ನೀರು ತುಂಬಿ ತುಳುಕುತ್ತಿದ್ದರೂ ಕೂಲಿಗೆ ಕರೆಯುವವರು ಯಾರೂ ಉಳಿದಿಲ್ಲ. ಕೆಡದಿರಲು ಮದ್ದು ಬೇಕಾಗಿಲ್ಲ. ಚೀಲ ಕತ್ತರಿಸಿದ ಮೇಲೆ ಮಾತ್ರ ಅದು ನಿನ್ನೆಯ ಪಲ್ಯಕ್ಕಿಂತ ಏನೂ ಹೆಚ್ಚಲ್ಲ, ಅಂದೇ ಮುಗಿಸಬೇಕು. ಕಾಯಿಪಲ್ಯದ ಗರಿಗರಿ ಅಷ್ಟು ಬಿಸಿಗೆ ಉಳಿಯುವುದಿಲ್ಲ ಎಂಬುದು ನನ್ನ ತಕರಾರು.

ತಾಟಿನಲ್ಲಿ ನೀರು ವಾಪಸು

ತೆಗೆದ ನೀರನ್ನು ತಿನ್ನುವಾಗ ಮರಳಿಸಬೇಕು. ಮರಳಿಸದೆ ತಿಂದರೆ ಏನಾಗುತ್ತದೆ ಎಂಬುದೂ ಈ ಲೆಕ್ಕದ ಭಾಗವೇ.

ಖಡಕ್ ರೊಟ್ಟಿಯನ್ನು ಪಟ್ಟಣದವರು ಕೆಲವರು ಹಪ್ಪಳದಂತೆ ಕಡಿದು ತಿನ್ನುತ್ತಾರೆ. ಊರಲ್ಲಿ ಹಾಗಲ್ಲ. ಮುರಿದು ಬೇಳೆಯ ಸಾರಿನಲ್ಲಿ ನೆನೆಸುತ್ತಾರೆ, ಎಣ್ಣೆಗಾಯಿ ಬದನೆಕಾಯಿಯ ರಸ ಹಚ್ಚುತ್ತಾರೆ, ಮೊಸರಿನಲ್ಲಿ ಕಲಸುತ್ತಾರೆ, ಜತೆಗೆ ಹಸಿ ಸೌತೆ, ಮೂಲಂಗಿ, ಉಳ್ಳಾಗಡ್ಡಿ, ಮೆಂತ್ಯಪಲ್ಯ. ಒಣ ಪಿಷ್ಟ ತಾಟಿನಲ್ಲಿ ಮತ್ತೆ ನೀರು ಕುಡಿದು ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ. ಅಗಿಯಲು ಹೊತ್ತೂ ಹಿಡಿಯುತ್ತದೆ. ಚಿಪ್ಸು, ಸೇವು, ಕುರುಕಲುಗಳನ್ನಂತೂ ನೀರು ಮರಳಿಸದೆಯೇ ತಿನ್ನುತ್ತೇವೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯತಕ್ಕದ್ದು. 20 ಜನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಮಾಮೂಲಿ ಅಡುಗೆ ಬಡಿಸಿದರು. ಎದುರಿಗಿಟ್ಟದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮನಾಗಿರುವಂತೆ ನೋಡಿಕೊಂಡರು. ಎಷ್ಟು ಬೇಕಾದರೂ ತಿನ್ನಿ ಎಂದರು. ಸಿದ್ಧ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಒಂದು ಕಿಲೋ ಹತ್ತಿರ ತೂಕ ಏರಿಸಿಕೊಂಡರು. ಅವರು ತಿಂದದ್ದು ಬೇಗಬೇಗನೆ, ಆ ಊಟದ ಗಟ್ಟಿ ಪದಾರ್ಥಗಳಲ್ಲಿ ತುತ್ತಿಗೆ ತುಂಬಿದ್ದ ಕ್ಯಾಲೊರಿಯೂ ಹೆಚ್ಚು. ಇದೊಂದೇ ಕಾರಣವೆಂದು ಪ್ರಯೋಗ ಸಾಧಿಸಲಿಲ್ಲ. ಆದರೆ ತುತ್ತಿನಲ್ಲಿ ಕ್ಯಾಲೊರಿ ದಟ್ಟವಾಗುವುದು ಎಂದರೆ ಬಹುಮಟ್ಟಿಗೆ ಅದರಲ್ಲಿ ನೀರು ಕಡಿಮೆ ಎಂದೇ ಅರ್ಥ.

ಒಣಗಿದ್ದೂ ಕೆಡುವುದು

ನೀರೊಂದನ್ನು ಓಡಿಸಿದರೆ ಎಲ್ಲ ಮುಗಿಯಿತೆಂದು ತಿಳಿದವರನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮೋಸ ಮಾಡುತ್ತದೆ. ಅದರಲ್ಲಿ ತೇವವೇ ಇಲ್ಲ, ಬೂಸಲು ಹತ್ತಿರ ಸುಳಿಯದು. ಆದರೂ ತಿಂಗಳೊಪ್ಪತ್ತಿನಲ್ಲಿ ಕಮಟು. ಅಗಸಿ ಹಿಂಡಿಗೆ ಇನ್ನೂ ಬೇಗ, ಏಕೆಂದರೆ ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕದ ಜತೆ ಬಲು ಬೇಗ ಬೆರೆಯುವ ಜಾತಿಯದು. ಈ ಕಮಟಿಗೆ ಸೂಕ್ಷ್ಮಜೀವಿಯೂ ಬೇಡ, ನೀರೂ ಬೇಡ. ತಿನಿಸು ತೀರಾ ಒಣಗಿದರೆ ಅದು ಜೋರಾಗುವುದೂ ಉಂಟು. ಬಿಡುವಿನ ನೀರಿನ ಅಂಕ 0.2, 0.3ರ ಸುಮಾರಿಗೆ ಇದ್ದಾಗ ಒಂದು ತೆಳು ನೀರಿನ ಪದರ ಕಣಗಳನ್ನು ಸುತ್ತಿಕೊಂಡು ಎಣ್ಣೆಗೆ ಕೊಂಚ ಮರೆಯಾಗುತ್ತದೆ. ಅದಕ್ಕಿಂತ ಕೆಳಗಿಳಿಸಿದರೆ ಮರೆಯೂ ಹೋಗುತ್ತದೆ. ಕಾಳು ಇಡಿಯಾಗಿದ್ದಾಗ ಸಿಪ್ಪೆಯೊಳಗೆ ಬಚ್ಚಿಟ್ಟಿದ್ದ ಎಣ್ಣೆ ಕುಟ್ಟಿದ ಮೇಲೆ ಪೂರಾ ಗಾಳಿಗೆ ತೆರೆದುಕೊಳ್ಳುತ್ತದೆ. ಜೋಳದ ಹಿಟ್ಟು ಹಳೆಯದಾದರೆ ಕಹಿಯಾಗುವುದೂ ಮೊಳಕೆಯ ಭಾಗದ ಎಣ್ಣೆ ಹೀಗೆ ಕೆಡುವುದರಿಂದ. ಬೀಸಿದ ಹಿಟ್ಟಿಗಿಂತ ಖಡಕ್ ರೊಟ್ಟಿ ಹೆಚ್ಚು ಬಾಳುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಎಣ್ಣೆಯನ್ನು ಒಡೆದು ಕಹಿ ಮಾಡುವ ಕಿಣ್ವಗಳು ಹಸಿ ಹಿಟ್ಟಿನಲ್ಲಿ ಚುರುಕಾಗಿರುತ್ತವೆ, ಹಂಚಿನ ಬಿಸಿಗೆ ಸತ್ತುಹೋಗುತ್ತವೆ.

ಕಾರ್ಖಾನೆ ಈ ಶತ್ರುವಿಗೆ ಮಾಡುವ ಉಪಾಯ ಎರಡು. ಚಿಪ್ಸಿನ ಚೀಲದಿಂದ ಗಾಳಿ ತೆಗೆದು ಸಾರಜನಕ ತುಂಬುವುದು ಒಂದು, ಎಣ್ಣೆಗೆ 319 ಅಂಕಿಯ ಟಿಬಿಎಚ್‌ಕ್ಯುನಂಥ ತಡೆ ಬೆರೆಸುವುದು ಇನ್ನೊಂದು. ನೂಡಲ್ಸಿನ ಪ್ಯಾಕೆಟ್ಟಿನ ಮೇಲೆ ಆ ಅಂಕಿ ಕಂಡರೆ ಅದು ಕಾಯುತ್ತಿರುವುದು ಹಿಟ್ಟನ್ನಲ್ಲ, ನೀರಿನ ಜಾಗಕ್ಕೆ ಬಂದು ಕೂತ ಎಣ್ಣೆಯನ್ನು. ಮನೆಯಲ್ಲಿ ಸಾರಜನಕವಿಲ್ಲ. ಅದಕ್ಕೇ ಅಗಸೆಯನ್ನು ಇಡಿಯಾಗಿಯೇ ಡಬ್ಬಿಯಲ್ಲಿಟ್ಟುಕೊಂಡು, ಹಿಂಡಿಯನ್ನು ಹದಿನೈದು ದಿನಕ್ಕೆ ಸಾಲುವಷ್ಟು ಮಾತ್ರ ಹುರಿದು ಕುಟ್ಟುತ್ತಾರೆ.